ವಿಯೆನ್ನಾದ ವಸ್ತುಸಂಗ್ರಹಾಲಯಗಳು

ಆಸ್ಟ್ರಿಯ ದೇಶದ ರಾಜಧಾನಿ ವಿಯೆನ್ನಾದಲ್ಲಿರುವ ಸಾರ್ವಜನಿಕ ಸಂಗ್ರಹಾಲಯಗಳ ಸಮೂಹ. ಇವುಗಳಲ್ಲಿ ಹಿರಿಯವೆಲ್ಲ ಹ್ಯಾಬ್ಸ್‌ಬರ್ಗ್ ಅರಸುಮನೆತನ ಸ್ವಂತಕ್ಕೆಂದು ಕೂಡಿಟ್ಟ ಸಂಗ್ರಹಗಳಿಂದ ಬೆಳೆದವು. 1918ರವರೆಗೆ ಈ ಊರು ಐದು ಕೋಟಿಗೂ ಮೀರಿದ ಜನರಿದ್ದ ಸಾಮ್ರಾಜ್ಯದ ತಲೆನಗರವಾಗಿತ್ತು. ಈಗ ಸುಮಾರು 90 ಲಕ್ಷ ಜನರ ಗಣರಾಜ್ಯದ ರಾಜಧಾನಿ. ಸಾಮ್ರಾಜ್ಯ ಹೋಯಿತು, ಅದು ತುಂಬಿಸಿದ ಕೋಣೆಗಳು ಉಳಿದವು. ದೇಶದ ಅಳತೆಗೂ ಅದರ ಸಂಗ್ರಹಗಳ ಅಳತೆಗೂ ಇಷ್ಟು ಅಂತರವಿರುವ ರಾಜಧಾನಿ ಯುರೋಪಿನಲ್ಲಿ ವಿರಳ.

ಹೀಗಾಗಿ ವಿಯೆನ್ನಾದ ಸಂಗ್ರಹಾಲಯಗಳಲ್ಲಿ ಓಡಾಡುವವರು ಒಂದೊಂದು ವಸ್ತುವಿನ ಮುಂದೆಯೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಏನು? ಇದು ಇಲ್ಲಿಗೆ ಬಂದದ್ದು ಹೇಗೆ? ಮದುವೆಯ ಉಡುಗೊರೆಯಾಗಿ ಬಂದದ್ದುಂಟು, ಸೋತವರ ಮನೆಯಿಂದ ಕೊಂಡದ್ದುಂಟು, ಕಸಿದದ್ದುಂಟು, ಬಿಡುವಿನ ವೇಳೆಯಲ್ಲಿ ಒಬ್ಬ ಕಣ್ಣಿನ ವೈದ್ಯ ಆಸೆಯಿಂದ ಆರಿಸಿ ತಂದದ್ದೂ ಉಂಟು. ಎರಡನೆಯ ಪ್ರಶ್ನೆ ಬಿಟ್ಟರೆ ವಿಯೆನ್ನಾ ಅರ್ಧ ಮಾತ್ರ ಕಾಣುತ್ತದೆ.

ಅರಮನೆಯಿಂದ ಜನರ ಕಡೆಗೆ

ಹದಿನಾರನೆಯ ಶತಮಾನದ ಯುರೋಪಿನ ಅರಸರಿಗೆ ವಿಸ್ಮಯದ ಕೋಣೆಗಳನ್ನು ಕಟ್ಟುವ ಹಂಬಲವಿತ್ತು. ಚಿತ್ರ, ಶಿಲ್ಪ, ಗಡಿಯಾರ, ಯಂತ್ರದ ಬೊಂಬೆ, ದಂತದ ಕೆತ್ತನೆ, ದೂರದೇಶದ ಚಿಪ್ಪು, ಹವಳ, ಪ್ರಾಣಿಯ ಕೊಂಬು ಎಲ್ಲವನ್ನೂ ಒಂದೇ ಸೂರಿನಡಿ ಇಟ್ಟು, ಸೃಷ್ಟಿಯೆಲ್ಲ ತಮ್ಮ ಕೈವಶವೆಂದು ತೋರಿಸುವ ಕೋಣೆಗಳು ಅವು. ಟಿರೋಲ್ ಸೀಮೆಯನ್ನು ಆಳುತ್ತಿದ್ದ ಆರ್ಚ್‌ಡ್ಯೂಕ್ ಎರಡನೆಯ ಫರ್ಡಿನಾಂಡ್ ಇನ್ಸ್‌ಬ್ರುಕ್ ಬಳಿಯ ಆಂಬ್ರಾಸ್ ಕೋಟೆಯಲ್ಲಿ ಇಂಥದ್ದೊಂದನ್ನು ಕಟ್ಟಿದ. ಅವನ ಅಣ್ಣನ ಮಗ, ಚಕ್ರವರ್ತಿ ಎರಡನೆಯ ರುಡಾಲ್ಫ್, ಆಸ್ಥಾನವನ್ನೇ ಪ್ರಾಗ್ ನಗರಕ್ಕೆ ಸಾಗಿಸಿ, ರಾಜ್ಯಭಾರಕ್ಕಿಂತ ಹೆಚ್ಚಿನ ಮಮತೆಯಿಂದ ಚಿತ್ರಗಳನ್ನೂ ಅಪರೂಪದ ವಸ್ತುಗಳನ್ನೂ ಕೂಡಿಹಾಕಿದ. 1648ರಲ್ಲಿ ಸ್ವೀಡನ್ನಿನ ಸೈನ್ಯ ಪ್ರಾಗ್ ಅನ್ನು ಕೊಳ್ಳೆ ಹೊಡೆಯಿತು. ಅದಕ್ಕೆ ಮೊದಲೇ ವಿಯೆನ್ನಾ ಸೇರಿದ್ದ ಪಾಲು ಮಾತ್ರ ಇಂದು ಇಲ್ಲಿದೆ.

ಚಿತ್ರಶಾಲೆಗೆ ನಿಜವಾದ ಅಡಿಪಾಯ ಹಾಕಿದವನು ಆರ್ಚ್‌ಡ್ಯೂಕ್ ಲಿಯೋಪೋಲ್ಡ್ ವಿಲ್ಹೆಲ್ಮ್. 1647ರಿಂದ 1656ರವರೆಗೆ ಸ್ಪೇನಿನ ಅಧೀನದ ನೆದರ್ಲೆಂಡ್ಸ್‌ನ ರಾಜ್ಯಪಾಲನಾಗಿ ಬ್ರಸೆಲ್ಸ್‌ನಲ್ಲಿದ್ದ ಅವನಿಗೆ ಇಂಗ್ಲೆಂಡಿನ ಅಂತರ್ಯುದ್ಧ ವರವಾಗಿ ಬಂತು. ದೊರೆ ಮೊದಲನೆಯ ಚಾರ್ಲ್ಸ್‌ನ ಪಕ್ಷ ಸೋತು, ಅಲ್ಲಿನ ಶ್ರೀಮಂತರ ಸಂಗ್ರಹಗಳು ಮಾರಾಟಕ್ಕೆ ಬಿದ್ದಾಗ ಹ್ಯಾಮಿಲ್ಟನ್ ಡ್ಯೂಕನ ಇಟಾಲಿಯನ್ ಚಿತ್ರಗಳನ್ನು ಕೊಂಡ. ಇಂದು ವಿಯೆನ್ನಾದಲ್ಲಿ ನಾವು ನೋಡುವ ವೆನಿಸ್ ಶೈಲಿಯ ಚಿತ್ರಗಳಲ್ಲಿ ಹಲವು ಹೀಗೆ ಲಂಡನ್ ಸುತ್ತಿಕೊಂಡು ಬಂದವು. ಆಸ್ಥಾನ ಚಿತ್ರಕಾರ ಡೇವಿಡ್ ಟೆನಿಯರ್ಸ್, ನೆಲದಿಂದ ಮಾಳಿಗೆಯವರೆಗೆ ಚೌಕಟ್ಟುಗಳನ್ನು ಜೋಡಿಸಿದ್ದ ಈ ಗ್ಯಾಲರಿಯನ್ನೇ ಚಿತ್ರವಾಗಿ ಬರೆದಿಟ್ಟಿದ್ದಾನೆ.

ಅರಸರ ಈ ಸಂಪತ್ತು ಸಾಮಾನ್ಯರ ಕಣ್ಣಿಗೆ ಬಿದ್ದದ್ದು ಹದಿನೆಂಟನೆಯ ಶತಮಾನದಲ್ಲಿ. ಚಕ್ರವರ್ತಿ ಎರಡನೆಯ ಜೋಸೆಫ್ ಚಿತ್ರಸಂಗ್ರಹವನ್ನು ಮೇಲಿನ ಬೆಲ್ವೆಡೇರ್ ಅರಮನೆಗೆ ಸಾಗಿಸಿ, 1781ರಲ್ಲಿ ಜನರಿಗೆ ತೆರೆದ. ಪ್ಯಾರಿಸಿನ ಲೂವ್ರ್ ಬಾಗಿಲು ತೆರೆದದ್ದು 1793ರಲ್ಲಿ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಚಿತ್ರಗಳನ್ನು ತೂಗುಹಾಕಿದ ಕ್ರಮ. ಅಲ್ಲಿಯವರೆಗೆ ಗೋಡೆಯ ಅಂದಕ್ಕೆ ತಕ್ಕಂತೆ ಚಿತ್ರಗಳು ನೇತಾಡುತ್ತಿದ್ದವು. ಬಾಸೆಲ್‌ನ ಕ್ರಿಶ್ಚಿಯನ್ ಫಾನ್ ಮೆಖೆಲ್ ಅವುಗಳನ್ನು ಪಂಥಕ್ಕೆ, ಕಾಲಕ್ಕೆ ಅನುಸಾರವಾಗಿ ಜೋಡಿಸಿದ. ಚಿತ್ರಶಾಲೆಯೆಂದರೆ ಕಣ್ಣಿಗೆ ಕಾಣುವ ಕಲಾ ಇತಿಹಾಸ ಎಂಬ ಕಲ್ಪನೆ ಬೇರೂರಿದ ಜಾಗಗಳಲ್ಲಿ ಬೆಲ್ವೆಡೇರ್ ಒಂದು. 1809ರಲ್ಲಿ ನೆಪೋಲಿಯನ್ನನ ಪಡೆ ಇಲ್ಲಿಂದ ನೂರಾರು ಚಿತ್ರಗಳನ್ನು ಪ್ಯಾರಿಸಿಗೆ ಹೊತ್ತೊಯ್ದಿತು. 1815ರ ಬಳಿಕ ಹೆಚ್ಚಿನವು ಹಿಂತಿರುಗಿದವು.

ಮರಿಯಾ ಥೆರೇಸಾ ಚೌಕದ ಅವಳಿ ಕಟ್ಟಡಗಳು

1857ರ ಡಿಸೆಂಬರಿನಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಊರಿನ ಹಳೆಯ ಕೋಟೆಗೋಡೆ ಕೆಡವಲು ಅಪ್ಪಣೆ ಕೊಟ್ಟ. ಆ ಜಾಗದಲ್ಲಿ ಹುಟ್ಟಿದ ಅಗಲವಾದ ವರ್ತುಲ ರಸ್ತೆಯೇ ರಿಂಗ್‌ಸ್ಟ್ರಾಸೆ. ಅದರ ಪಕ್ಕದಲ್ಲಿ, ಅರಮನೆಯ ಎದುರಿಗೆ, ಗಾಟ್‌ಫ್ರೀಡ್ ಸೆಂಪರ್ ಮತ್ತು ಕಾರ್ಲ್ ಫಾನ್ ಹಾಸೆನೌವರ್ ಎಂಬ ವಾಸ್ತುಶಿಲ್ಪಿಗಳು ಒಂದನ್ನೊಂದು ಹೋಲುವ ಎರಡು ಭವನಗಳನ್ನು ಎದುರುಬದುರಾಗಿ ಕಟ್ಟಿಸಿದರು. ನಡುವೆ ಹ್ಯಾಬ್ಸ್‌ಬರ್ಗ್ ಅರಸಿ ಮರಿಯಾ ಥೆರೇಸಾಳ ಭಾರೀ ಪ್ರತಿಮೆ. ಒಂದು ಭವನ ದೇವರ ಸೃಷ್ಟಿಗೆ, ಇನ್ನೊಂದು ಮನುಷ್ಯನ ಸೃಷ್ಟಿಗೆ. ನಿಸರ್ಗ ಇತಿಹಾಸ ಸಂಗ್ರಹಾಲಯ 1889ರಲ್ಲೂ ಕಲಾ ಇತಿಹಾಸ ಸಂಗ್ರಹಾಲಯ 1891ರಲ್ಲೂ ತೆರೆದವು.

ಕಲಾ ಇತಿಹಾಸ ಸಂಗ್ರಹಾಲಯದಲ್ಲಿ ಚಿತ್ರಗಳಿಗೆ ಹೋಗುವ ಮೊದಲು ಮೆಟ್ಟಿಲ ಮೇಲೆ ಸ್ವಲ್ಪ ನಿಲ್ಲಬೇಕು. ಕಪ್ಪು ಬಿಳಿ ಅಮೃತಶಿಲೆ, ಕನೋವಾ ಕಡೆದ ಥೀಸಿಯಸ್‌ನ ಶಿಲ್ಪ, ಮೇಲೆ ಮುಂಕಾಚಿ ಬರೆದ ಛಾವಣಿಚಿತ್ರ. ಕಂಬಗಳ ನಡುವಿನ ಕಿರಿದಾದ ಎಡೆಗಳಲ್ಲಿ ಗುಸ್ತಾವ್ ಕ್ಲಿಮ್ಟ್ ತನ್ನ ತಮ್ಮ ಅರ್ನ್ಸ್ಟ್ ಹಾಗೂ ಗೆಳೆಯ ಫ್ರಾನ್ಸ್ ಮಾಚ್ ಜೊತೆ ಬರೆದ ಚಿತ್ರಗಳಿವೆ. ಕ್ಲಿಮ್ಟ್ ಆಗಿನ್ನೂ ಮೂವತ್ತು ದಾಟದ, ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿಕೊಡುತ್ತಿದ್ದ ಅಲಂಕಾರಿಕ ಚಿತ್ರಕಾರ. ಮುಂದೆ ಆತ ಎಷ್ಟು ದೂರ ನಡೆದ ಎಂಬುದು ಬೆಲ್ವೆಡೇರ್‌ಗೆ ಹೋದಾಗ ಗೊತ್ತಾಗುತ್ತದೆ.

ಈ ಚಿತ್ರಶಾಲೆಯ ಹೃದಯ ಹಿರಿಯ ಪೀಟರ್ ಬ್ರೂಗಲ್‌ನ ಕೋಣೆ. ಅವನ ಕೈಯ ಸುಮಾರು 40 ವರ್ಣಚಿತ್ರಗಳು ಮಾತ್ರ ಜಗತ್ತಿನಲ್ಲಿ ಉಳಿದಿವೆ, ಅವುಗಳಲ್ಲಿ 12 ಇಲ್ಲಿವೆ. ಇಷ್ಟು ಬ್ರೂಗಲ್ ಬೇರೆಲ್ಲೂ ಇಲ್ಲ. 1563ರ ‘ಬಾಬೆಲ್ ಗೋಪುರ’ದಲ್ಲಿ ಮೋಡ ಮುಟ್ಟುವ ಕಟ್ಟಡ ತನ್ನ ಭಾರಕ್ಕೆ ತಾನೇ ಓರೆಯಾಗುತ್ತಿದೆ; ಕೆಳಗೆ ಕಲ್ಲುಕುಟಿಗರು ದೊರೆಯ ಮುಂದೆ ಮಂಡಿಯೂರಿದ್ದಾರೆ. ‘ರೈತರ ಮದುವೆ’ಯಲ್ಲಿ ಕಿತ್ತ ಬಾಗಿಲನ್ನೇ ತಟ್ಟೆ ಮಾಡಿಕೊಂಡು ಇಬ್ಬರು ಗಂಜಿಯ ಬಟ್ಟಲುಗಳನ್ನು ಹೊತ್ತು ತರುತ್ತಿದ್ದಾರೆ, ಮದುಮಗಳು ಹಸಿರು ಬಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದಾಳೆ. 1565ರ ‘ಹಿಮದಲ್ಲಿ ಬೇಟೆಗಾರರು’ ವರ್ಷದ ಮಾಸಗಳನ್ನು ಕುರಿತ ಮಾಲೆಗೆ ಸೇರಿದ್ದು. ಬೇಟೆ ಹೆಚ್ಚೇನೂ ಸಿಗದೆ ಸೋತ ಹೆಗಲುಗಳಲ್ಲಿ ಮೂವರು ಮರಳುತ್ತಿದ್ದಾರೆ, ನಾಯಿಗಳು ತಲೆ ತಗ್ಗಿಸಿವೆ, ಕೆಳಗಿನ ಹೆಪ್ಪುಗಟ್ಟಿದ ಕೆರೆಯಲ್ಲಿ ಊರಮಂದಿ ಜಾರಾಟದಲ್ಲಿ ಮೈಮರೆತಿದ್ದಾರೆ. ಹಿಮವನ್ನೇ ಕಾಣದ ನಾಡಿನವರಿಗೂ ಈ ಚಿತ್ರ ಅಂಗಾಲಿನವರೆಗೆ ಚಳಿ ಹುಟ್ಟಿಸುತ್ತದೆ. ಆ ಮಾಲೆಯಲ್ಲಿ ಉಳಿದಿರುವುದು ಐದು ಚಿತ್ರ: ಮೂರು ಇಲ್ಲಿ, ಒಂದು ಪ್ರಾಗ್‌ನಲ್ಲಿ, ಒಂದು ನ್ಯೂಯಾರ್ಕಿನಲ್ಲಿ.

ವೆಲಾಸ್ಕೆಸ್ ಬರೆದ ಪುಟ್ಟ ರಾಜಕುಮಾರಿ ಮಾರ್ಗರೀಟಾಳ ಭಾವಚಿತ್ರಗಳು ಇಲ್ಲಿಗೆ ಬಂದ ದಾರಿ ಬೇರೆ. ಸ್ಪೇನಿನ ಈ ಮಗುವನ್ನು ವಿಯೆನ್ನಾದ ಚಕ್ರವರ್ತಿ ಮೊದಲನೆಯ ಲಿಯೋಪೋಲ್ಡ್‌ಗೆ, ಎಂದರೆ ಅವಳ ಸೋದರಮಾವನಿಗೇ, ಕೊಡುವುದೆಂದು ನಿಶ್ಚಯವಾಗಿತ್ತು. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆಂದು ತೋರಿಸಲು ಮ್ಯಾಡ್ರಿಡ್ಡಿನಿಂದ ಕಾಲಕಾಲಕ್ಕೆ ಚಿತ್ರ ಕಳಿಸುತ್ತಿದ್ದರು. ಗುಲಾಬಿ ಬಣ್ಣದ ಉಡುಪಿನಲ್ಲಿ ಕೂಸು, ಬಿಳಿಯ ಉಡುಪಿನಲ್ಲಿ ಐದರ ಬಾಲೆ, 1659ರ ನೀಲಿ ಉಡುಪಿನಲ್ಲಿ ಎಂಟರ ಹುಡುಗಿ. 1666ರಲ್ಲಿ ಮದುವೆಯಾಯಿತು. 1673ರಲ್ಲಿ, 21ನೆಯ ವಯಸ್ಸಿಗೆ, ಅವಳು ತೀರಿಕೊಂಡಳು. ಮೂರು ಚಿತ್ರಗಳನ್ನು ಸಾಲಾಗಿ ನೋಡುವಾಗ ಕುಂಚದ ಚೆಲುವಿಗೆ ಮನಸೋಲುತ್ತಲೇ ಎದೆ ಭಾರವಾಗುತ್ತದೆ.

ವೆರ್ಮೀರ್‌ನ ‘ಚಿತ್ರಕಲೆ’ ಎಂಬ ಕೃತಿಯ ಕತೆ ಇಪ್ಪತ್ತನೆಯ ಶತಮಾನದ್ದು. 1940ರಲ್ಲಿ ಹಿಟ್ಲರ್ ಅದನ್ನು ಚೆರ್ನಿನ್ ಮನೆತನದ ಕೌಂಟನಿಂದ ಕೊಂಡ. ಯುದ್ಧದ ಕೊನೆಗೆ ಅದು ಆಲ್ಟ್‌ಔಸೀ ಎಂಬಲ್ಲಿನ ಉಪ್ಪಿನ ಗಣಿಯೊಳಗೆ ಸಿಕ್ಕಿತು. ಆ ಮಾರಾಟ ಮನಸಾರೆ ನಡೆದದ್ದಲ್ಲವೆಂದು ಮನೆತನದ ವಾರಸುದಾರರು ವಾದಿಸಿದರೂ 2011ರಲ್ಲಿ ಸರ್ಕಾರದ ಸಲಹಾ ಮಂಡಳಿ ಒಪ್ಪಲಿಲ್ಲ. ಚಿತ್ರ ವಿಯೆನ್ನಾದಲ್ಲೇ ಇದೆ.

ಕೆಳ ಅಂತಸ್ತಿನ ವಿಸ್ಮಯದ ಕೋಣೆಗಳು ಬಹುಕಾಲ ಮುಚ್ಚಿದ್ದು 2013ರಲ್ಲಿ ಮತ್ತೆ ತೆರೆದವು. ಇಲ್ಲಿನ ಮುಕುಟಮಣಿ ಇಟಲಿಯ ಅಕ್ಕಸಾಲಿಗ ಬೆನ್ವೆನುತೋ ಚೆಲ್ಲೀನಿ 1540ರಿಂದ 1543ರ ನಡುವೆ ಫ್ರಾನ್ಸ್ ದೊರೆಗೆ ಮಾಡಿಕೊಟ್ಟ ಚಿನ್ನದ ಉಪ್ಪಿನ ಬಟ್ಟಲು. ಕಡಲೊಡೆಯ ನೆಪ್ಚೂನ್ ಉಪ್ಪಿಗೆ, ಭೂದೇವಿ ಮೆಣಸಿಗೆ ಕಾವಲು. 2003ರ ಮೇ 11ರ ನಸುಕಿನಲ್ಲಿ, ದುರಸ್ತಿಗೆಂದು ಕಟ್ಟಿದ್ದ ಅಟ್ಟಣೆ ಹತ್ತಿ ಬಂದ ಕಳ್ಳ ಇದನ್ನು ಕದ್ದ. 2006ರ ಜನವರಿಯಲ್ಲಿ ವಿಯೆನ್ನಾದ ವಾಯವ್ಯಕ್ಕಿರುವ ತ್ಸ್ವೆಟ್ಲ್ ಊರಿನ ಬಳಿಯ ಕಾಡಿನಲ್ಲಿ, ಹೂತಿಟ್ಟ ಸೀಸದ ಪೆಟ್ಟಿಗೆಯೊಳಗೆ ಅದು ಸಿಕ್ಕಿತು. ಇದೇ ಕೋಣೆಗಳಲ್ಲಿ ಚಿನ್ನದ ಕಟ್ಟು ಹಾಕಿಸಿದ ಬೆಜೋವಾರ್ ಕಲ್ಲುಗಳಿವೆ. ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ಈ ಕಲ್ಲು ವಿಷ ಇಳಿಸುತ್ತದೆಂದು ನಂಬಿ ಅರಸರು ಅದಕ್ಕೆ ರತ್ನದ ಬೆಲೆ ತೆರುತ್ತಿದ್ದರು.

ಎದುರಿನ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಮೂಲ ಮರಿಯಾ ಥೆರೇಸಾಳ ಗಂಡ, ಚಕ್ರವರ್ತಿ ಫ್ರಾನ್ಸ್ ಸ್ಟೀಫನ್, 1750ರ ಸುಮಾರಿಗೆ ಫ್ಲಾರೆನ್ಸಿನ ಸಂಗ್ರಾಹಕ ಬೈಯೂನಿಂದ ಕೊಂಡ ಸುಮಾರು 30,000 ಕಲ್ಲು, ಖನಿಜ, ಚಿಪ್ಪುಗಳ ರಾಶಿ. ಇಂದು ಅದು ಸುಮಾರು ಮೂರು ಕೋಟಿ ಮಾದರಿಗಳಿಗೆ ಬೆಳೆದಿದೆ. ಬಹಳ ಮಂದಿ ಬರುವುದು ಅಂಗೈಯಲ್ಲಿ ಹಿಡಿಸುವ ಒಂದು ಕಲ್ಲಿನ ಬೊಂಬೆಯನ್ನು ನೋಡಲು. 1908ರ ಆಗಸ್ಟ್ 7ರಂದು ರೈಲುಹಾದಿಯ ಕೆಲಸದ ವೇಳೆ ವಿಲೆನ್‌ಡೋರ್ಫ್ ಎಂಬ ಹಳ್ಳಿಯಲ್ಲಿ ಸಿಕ್ಕಿದ, 11 ಸೆಂಟಿಮೀಟರ್ ಎತ್ತರದ ಈ ತುಂಬುಮೈಯ ಹೆಣ್ಣಿಗೆ ಸುಮಾರು 29,500 ವರ್ಷ. ಮುಖವಿಲ್ಲ, ತಲೆಯ ಸುತ್ತ ಹೆಣೆದ ಕೂದಲೋ ಟೊಪ್ಪಿಗೆಯೋ ಇದೆ. ಆ ಸುಣ್ಣಕಲ್ಲು ಸ್ಥಳೀಯವಲ್ಲ. ಅದು ಆಲ್ಪ್ಸ್ ಆಚೆಗಿನ ಉತ್ತರ ಇಟಲಿಯದ್ದಿರಬಹುದೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾದರೆ ಹಿಮಯುಗದ ಜನ ಎಷ್ಟೋ ತಲೆಮಾರುಗಳಲ್ಲಿ ಇದನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದಿರಬಹುದು.

ಉಲ್ಕಾಶಿಲೆಗಳ ಕೋಣೆಯನ್ನು ಬಿಡಬಾರದು. ಪ್ರದರ್ಶನದಲ್ಲಿರುವ ಉಲ್ಕಾಶಿಲೆಗಳ ಲೆಕ್ಕದಲ್ಲಿ ಜಗತ್ತಿನಲ್ಲೇ ಇದು ದೊಡ್ಡದು. 1751ರಲ್ಲಿ ಕ್ರೊಯೇಷ್ಯದ ಹ್ರಾಶ್ಚಿನಾದಲ್ಲಿ ಬಿದ್ದ ಕಬ್ಬಿಣದ ಉಲ್ಕೆ ಇಲ್ಲಿಗೆ ಬಂತು. 1808ರಲ್ಲಿ ವಿಯೆನ್ನಾದ ಪಿಂಗಾಣಿ ಕಾರ್ಖಾನೆಯ ಮುಖ್ಯಸ್ಥ ವಿಡ್‌ಮನ್‌ಸ್ಟ್ಯಾಟನ್ ಅದರ ಒಂದು ಬಿಲ್ಲೆಯನ್ನು ಕಾಯಿಸಿದಾಗ, ನೇಯ್ಗೆಯ ಎಳೆಗಳಂತೆ ಒಂದನ್ನೊಂದು ಕತ್ತರಿಸುವ ಗೆರೆಗಳು ಮೂಡಿದವು. ಆ ಗೆರೆಗಳಿಗೆ ಇಂದಿಗೂ ಅವನದೇ ಹೆಸರು. ಇಲ್ಲಿಯ ವಿದ್ವಾಂಸ ಗುಸ್ತಾವ್ ಚೆರ್ಮಾಕ್ 1872ರಲ್ಲಿ, ಬಿಹಾರದ ಶೇರ್‌ಘಾಟಿಯಲ್ಲಿ 1865ರ ಆಗಸ್ಟ್ 25ರಂದು ಬಿದ್ದ ಕಲ್ಲನ್ನು ಪರೀಕ್ಷಿಸಿ ಅದರಲ್ಲಿ ಗಾಜಿನಂಥ ಹೊಸ ಪದಾರ್ಥ ಕಂಡು ಮಾಸ್ಕೆಲಿನೈಟ್ ಎಂದು ಹೆಸರಿಟ್ಟ. ಆ ಕಲ್ಲು ಮಂಗಳ ಗ್ರಹದಿಂದ ಸಿಡಿದು ಬಂದದ್ದೆಂದು ವಿಜ್ಞಾನಿಗಳು ಅರಿತದ್ದು ನೂರು ವರ್ಷಗಳ ಮೇಲೆ. ಆ ಬಗೆಯ ಮಂಗಳಶಿಲೆಗಳಿಗೆಲ್ಲ ಬಿಹಾರದ ಆ ಊರಿನ ಹೆಸರೇ ನಿಂತಿದೆ.

ಭಂಡಾರ

ಹೋಫ್‌ಬುರ್ಗ್ ಅರಮನೆಯ ಒಳಗಿನ ಭಂಡಾರದಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಕಿರೀಟವಿದೆ. ಹತ್ತನೆಯ ಶತಮಾನದ ಉತ್ತರಾರ್ಧದ ಎಂಟು ಮೂಲೆಯ ಈ ಕಿರೀಟದ ರತ್ನಗಳಿಗೆ ಸಾಣೆಯ ಮುಖಗಳಿಲ್ಲ, ದ್ರಾಕ್ಷಿಯಂತೆ ಉರುಟಾಗಿವೆ. ನೆಪೋಲಿಯನ್ನನ ಭಯಕ್ಕೆ ನ್ಯೂರೆಂಬರ್ಗಿನಿಂದ ಇಲ್ಲಿಗೆ ತಂದರು, 1938ರಲ್ಲಿ ನಾಜಿಗಳು ಮತ್ತೆ ನ್ಯೂರೆಂಬರ್ಗಿಗೆ ಒಯ್ದರು, 1946ರಲ್ಲಿ ವಾಪಸು ಬಂತು. ಮನೆತನ ಎಂದೂ ಮಾರಕೂಡದೆಂದು ಕಟ್ಟುಮಾಡಿದ ಎರಡು ವಸ್ತುಗಳೂ ಇಲ್ಲಿವೆ: ಏಸುವಿನ ಕೊನೆಯ ಭೋಜನದ ಬಟ್ಟಲೆಂದು ನಂಬಿದ್ದ ಅಗೇಟ್ ಕಲ್ಲಿನ ತಟ್ಟೆ ಮತ್ತು ಒಂಟಿಕೊಂಬಿನ ಕುದುರೆಯದೆಂದು ನಂಬಿದ್ದ, ನಿಜಕ್ಕೂ ನಾರ್ವಾಲ್ ತಿಮಿಂಗಿಲದ, ತಿರುಚಿದ ದಂತ. ಚಕ್ರವರ್ತಿನಿ ಎಲಿಜಬೆತ್ ಹೆಸರಿನ ಸಿಸಿ ಮ್ಯೂಜಿಯಂ ಪಕ್ಕದಲ್ಲೇ ಇದೆ. ಅಲ್ಲಿನ ಜನಜಂಗುಳಿಯಲ್ಲಿ ಸಮಯ ಕಳೆಯುವುದಕ್ಕಿಂತ ಭಂಡಾರದ ಮಬ್ಬುಬೆಳಕಿನಲ್ಲಿ ಅರ್ಧ ಗಂಟೆ ಹೆಚ್ಚು ನಿಲ್ಲುವುದು ಮೇಲು.

ಬೆಲ್ವೆಡೇರ್ ಮತ್ತು ಹಿಂತಿರುಗಿದ ಚಿತ್ರಗಳು

ಟರ್ಕರ ವಿರುದ್ಧ ಗೆದ್ದ ಸೇನಾನಿ, ಸವಾಯ್ ರಾಜಕುಮಾರ ಯೂಜೀನ್, ವಾಸ್ತುಶಿಲ್ಪಿ ಹಿಲ್ಡೆಬ್ರಾಂಟ್ ಕೈಯಲ್ಲಿ ಕಟ್ಟಿಸಿದ ಬೇಸಿಗೆಯರಮನೆ ಬೆಲ್ವೆಡೇರ್. ಕೆಳಗಿನದು, ಮೇಲಿನದು ಎಂದು ಎರಡು ಭವನಗಳು, ನಡುವೆ ಇಳಿಜಾರಿನ ತೋಟ. ಯುದ್ಧಾನಂತರದ ಆಸ್ಟ್ರಿಯಕ್ಕೆ ಸ್ವಾತಂತ್ರ್ಯ ಮರಳಿಸಿದ ಒಪ್ಪಂದಕ್ಕೆ 1955ರ ಮೇ 15ರಂದು ಸಹಿ ಬಿದ್ದದ್ದು ಮೇಲಿನ ಭವನದಲ್ಲಿ.

ಇಂದು ಜನ ಇಲ್ಲಿಗೆ ಬರುವುದು ಕ್ಲಿಮ್ಟ್‌ನ ‘ಮುತ್ತು’ ನೋಡಲು. 1907–08ರಲ್ಲಿ ಬರೆದ ಈ ಚಿತ್ರದ ಉದ್ದಗಲ ತಲಾ 180 ಸೆಂಟಿಮೀಟರ್. 1908ರ ಪ್ರದರ್ಶನದಲ್ಲೇ ಸರ್ಕಾರ ಇದನ್ನು 25,000 ಕ್ರೌನ್ ಕೊಟ್ಟು ಕೊಂಡಿತು. ಅಚ್ಚಿನಲ್ಲಿ ನೋಡಿ ನೋಡಿ ಸವೆದ ಚಿತ್ರವೆಂದು ಭಾವಿಸಿ ಹೋದವರನ್ನೂ ಮೂಲ ಚಿತ್ರ ತಡೆದು ನಿಲ್ಲಿಸುತ್ತದೆ. ಚಿನ್ನದ ರೇಕು ಬೆಳಕು ಹಿಡಿಯುವ ಬಗೆ ಯಾವ ಮುದ್ರಣಕ್ಕೂ ದಕ್ಕುವುದಿಲ್ಲ. ನಾವು ಕದಲಿದಂತೆ ಅದೂ ಕದಲುತ್ತದೆ. ಗಂಡಸಿನ ಹೊದಿಕೆಯ ಮೇಲೆ ಕಪ್ಪುಬಿಳಿ ಚೌಕಗಳು, ಹೆಣ್ಣಿನ ಉಡುಪಿನ ಮೇಲೆ ಹೂವಿನ ಸುರುಳಿಗಳು, ಕಾಲಡಿಯ ಹೂಹಾಸು ಪ್ರಪಾತದ ಅಂಚಿಗೆ ಬಂದು ನಿಂತಿದೆ.

ಇದೇ ಗೋಡೆಗಳ ಮೇಲೆ ಬಹುಕಾಲ ಅಡೆಲೆ ಬ್ಲಾಖ್-ಬೌವರ್ ಎಂಬಾಕೆಯ ಚಿನ್ನದ ಭಾವಚಿತ್ರವೂ ಇತ್ತು. 1907ರಲ್ಲಿ ಕ್ಲಿಮ್ಟ್ ಬರೆದದ್ದು. ಅಡೆಲೆ 1925ರಲ್ಲಿ ತೀರಿಕೊಳ್ಳುವ ಮೊದಲು, ಈ ಚಿತ್ರಗಳನ್ನು ಮುಂದೆ ಆಸ್ಟ್ರಿಯದ ಗ್ಯಾಲರಿಗೆ ಕೊಡಬೇಕೆಂದು ಗಂಡನನ್ನು ಕೇಳಿಕೊಂಡಿದ್ದಳು. 1938ರಲ್ಲಿ ಜರ್ಮನಿ ಆಸ್ಟ್ರಿಯವನ್ನು ನುಂಗಿತು. ಯಹೂದಿಯಾಗಿದ್ದ ಆಕೆಯ ಗಂಡ ಫರ್ಡಿನಾಂಡ್ ಎಲ್ಲವನ್ನೂ ಬಿಟ್ಟು ಓಡಿದ, ನಾಜಿಗಳು ಆಸ್ತಿ ಕಸಿದರು. 1945ರಲ್ಲಿ ಸಾಯುವಾಗ ಅವನು ತನ್ನದನ್ನೆಲ್ಲ ಸೋದರನ ಮಕ್ಕಳಿಗೆ ಬರೆದಿಟ್ಟ. ಅವರಲ್ಲೊಬ್ಬಳಾದ ಮಾರಿಯಾ ಆಲ್ಟ್‌ಮನ್ ಅಮೆರಿಕದಲ್ಲಿ ಮೊಕದ್ದಮೆ ಹೂಡಿದಳು. ವಿದೇಶೀ ಸರ್ಕಾರವೊಂದರ ಮೇಲೆ ಹೀಗೆ ದಾವೆ ಹಾಕಬಹುದೆಂದು 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2006ರ ಜನವರಿಯಲ್ಲಿ ವಿಯೆನ್ನಾದ ಪಂಚಾಯಿತಿದಾರರು ಐದು ಚಿತ್ರಗಳನ್ನು ವಾರಸುದಾರರಿಗೆ ಕೊಡಬೇಕೆಂದರು. ಭಾವಚಿತ್ರ 13.5 ಕೋಟಿ ಡಾಲರಿಗೆ ಮಾರಾಟವಾಯಿತೆಂದು ಆಗ ವರದಿಯಾಯಿತು. ಈಗ ನ್ಯೂಯಾರ್ಕಿನ ನೋಯೆ ಗ್ಯಾಲರಿಯಲ್ಲಿದೆ.

ವಿಯೆನ್ನಾಕ್ಕೆ ಇದು ನಷ್ಟವೆಂದು ಕೊರಗಿದವರಿದ್ದರು. ಆದರೆ ಕಸಿದದ್ದನ್ನು ಕೊಟ್ಟದ್ದರಿಂದಲೇ ಇಲ್ಲಿ ಉಳಿದ ಚಿತ್ರಗಳನ್ನು ನಾವು ನಿರಾಳವಾಗಿ ನೋಡಬಹುದಾಗಿದೆ. ಈ ಬದಲಾವಣೆಗೆ ಕಿಡಿ ಹೊತ್ತಿದ್ದು 1998ರ ಜನವರಿಯಲ್ಲಿ. ವಿಯೆನ್ನಾದ ರುಡಾಲ್ಫ್ ಲಿಯೋಪೋಲ್ಡ್‌ನ ಸಂಗ್ರಹದಿಂದ ನ್ಯೂಯಾರ್ಕಿನ ಪ್ರದರ್ಶನಕ್ಕೆ ಹೋಗಿದ್ದ, ಚಿತ್ರಕಾರ ಎಗೋನ್ ಶೀಲೆಯ ‘ವಾಲಿ’ ಎಂಬ ಭಾವಚಿತ್ರವನ್ನು, ಅದು ಲೇಯಾ ಬೊಂಡಿ ಎಂಬ ಯಹೂದಿ ಕಲಾವ್ಯಾಪಾರಿಯಿಂದ ಕಿತ್ತುಕೊಂಡದ್ದೆಂಬ ದೂರಿನ ಮೇಲೆ, ಅಲ್ಲಿನ ಅಧಿಕಾರಿಗಳು ತಡೆಹಿಡಿದರು. ಅದೇ ವರ್ಷ ಆಸ್ಟ್ರಿಯ ತನ್ನ ಸರ್ಕಾರಿ ಸಂಗ್ರಹಗಳಿಗೆ ಅನ್ವಯಿಸುವಂತೆ ಕಲಾಕೃತಿಗಳ ಮರಳಿಕೆಯ ಕಾಯಿದೆ ಮಾಡಿತು. ‘ವಾಲಿ’ ವ್ಯಾಜ್ಯ 2010ರಲ್ಲಿ, 1.9 ಕೋಟಿ ಡಾಲರ್ ಪರಿಹಾರದೊಂದಿಗೆ ಮುಗಿದು ಚಿತ್ರ ವಿಯೆನ್ನಾಕ್ಕೆ ಮರಳಿತು.

ಆ ಚಿತ್ರವಿರುವ ಲಿಯೋಪೋಲ್ಡ್ ಮ್ಯೂಜಿಯಂ, ಅರಸರ ಹಳೆಯ ಕುದುರೆಲಾಯಗಳ ಆವರಣದಲ್ಲಿ 2001ರಲ್ಲಿ ತೆರೆದ ಮ್ಯೂಜಿಯಮ್ಸ್‌ಕ್ವಾರ್ಟಿಯರ್‌ನಲ್ಲಿದೆ. ರುಡಾಲ್ಫ್ ಲಿಯೋಪೋಲ್ಡ್ ಕಣ್ಣಿನ ವೈದ್ಯ. ಶೀಲೆಯ ಚಿತ್ರಗಳಿಗೆ ಬೆಲೆಯಿಲ್ಲದಿದ್ದ ಕಾಲದಲ್ಲಿ ಅವನ್ನು ಕೊಳ್ಳತೊಡಗಿದವನು. ಶೀಲೆಯ ಕೃತಿಗಳ ಅತಿದೊಡ್ಡ ಸಂಗ್ರಹ ಇಲ್ಲಿನದು. ಅದೇ ಅಂಗಳದ ಕಪ್ಪು ಬಸಾಲ್ಟ್ ಕಟ್ಟಡ ಆಧುನಿಕ ಕಲೆಯ ಮುಮೋಕ್. ಕಾರ್ಲ್ಸ್‌ಪ್ಲಾಟ್ಸ್ ಬಳಿಯಿರುವ, ಸೆಸೆಷನ್ ಎಂಬ ಕಲಾವಿದರ ಕೂಟದ ಭವನಕ್ಕೆ, ನೆತ್ತಿಯ ಮೇಲಿನ ಚಿನ್ನದ ಎಲೆಗಳ ಗೋಳದಿಂದಾಗಿ, ಊರವರು ಎಲೆಕೋಸೆಂದೇ ಹೆಸರಿಟ್ಟಿದ್ದಾರೆ. ಅದರ ನೆಲಮಾಳಿಗೆಯಲ್ಲಿ ಕ್ಲಿಮ್ಟ್ 1902ರಲ್ಲಿ ಬರೆದ ಬೀಟ್‌ಹೋವನ್ ಭಿತ್ತಿಚಿತ್ರವಿದೆ.

ಆಲ್ಬರ್ಟಿನಾ ರೇಖಾಚಿತ್ರ ಮತ್ತು ಮುದ್ರಿತ ಚಿತ್ರಗಳ ಮಹಾಭಂಡಾರ. ಮರಿಯಾ ಥೆರೇಸಾಳ ಅಳಿಯ ಡ್ಯೂಕ್ ಆಲ್ಬರ್ಟ್ 1776ರಲ್ಲಿ ಆರಂಭಿಸಿದ್ದು. ಡ್ಯೂರರ್ 1502ರಲ್ಲಿ ಬರೆದ ಮೊಲ ಇದರ ಹೆಮ್ಮೆ: ಒಂದೊಂದು ಕೂದಲೂ ಎಣಿಕೆಗೆ ಸಿಗುವಂತಿದೆ. ಆದರೆ ಕಾಗದದ ಮೇಲಿನ ನೀರ್ಬಣ್ಣ ಬೆಳಕಿಗೆ ಮಾಸುವುದರಿಂದ ಮೂಲಚಿತ್ರವನ್ನು ಅಪರೂಪಕ್ಕೆ ಮಾತ್ರ ಹೊರತೆಗೆಯುತ್ತಾರೆ. ಅದನ್ನೇ ನೋಡಬೇಕೆಂದು ಹೋಗುವವರು ಮೊದಲೇ ವಿಚಾರಿಸಬೇಕು.

ಭಾರತದಿಂದ ಬಂದವು, ಮೆಕ್ಸಿಕೋ ಕೇಳುತ್ತಿರುವುದು

ಅಕ್ಬರನ ಚಿತ್ರಶಾಲೆಯ ಮೊದಲ ಮಹಾಸಾಹಸ ‘ಹಮ್ಜಾನಾಮಾ’ ಎಂಬ ಚಿತ್ರಗ್ರಂಥ. ಪರ್ಷಿಯದಿಂದ ಬಂದ ಮೀರ್ ಸಯ್ಯದ್ ಅಲಿ ಮತ್ತು ಅಬ್ದುಸ್ಸಮದ್ ಅವರ ಮೇಲ್ವಿಚಾರಣೆಯಲ್ಲಿ ಹಿಂದೂ ಮುಸ್ಲಿಂ ಕಲಾವಿದರ ತಂಡ ಸುಮಾರು 15 ವರ್ಷ ದುಡಿದು, ಹತ್ತಿಬಟ್ಟೆಯ ಮೇಲೆ ಸುಮಾರು 1,400 ದೊಡ್ಡ ಚಿತ್ರಗಳನ್ನು ಬರೆಯಿತು. ಉಳಿದವು ಇನ್ನೂರರ ಆಸುಪಾಸು. ಅವುಗಳಲ್ಲಿ 60 ಹಾಳೆಗಳು, ಜಗತ್ತಿನಲ್ಲೇ ದೊಡ್ಡ ಪಾಲು, ವಿಯೆನ್ನಾದ ಅನ್ವಯಿಕ ಕಲೆಗಳ ಸಂಗ್ರಹಾಲಯವಾದ ‘ಮಾಕ್’ನಲ್ಲಿವೆ. 1873ರಲ್ಲಿ ಇಲ್ಲಿ ನಡೆದ ವಿಶ್ವಪ್ರದರ್ಶನದ ಸಂದರ್ಭದಲ್ಲಿ ಇವು ಪರ್ಷಿಯದ ಕಡೆಯಿಂದ ಕೈಸೇರಿದವು. ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ಸಂಗ್ರಹಾಲಯದ ಹಾಳೆಗಳು 1881ರಲ್ಲಿ ಶ್ರೀನಗರದಲ್ಲಿ ಸಿಕ್ಕಿದ್ದು. ಅಲ್ಲಿ ಕೆಲವನ್ನು ಕಿಟಕಿಗೆ ಮರೆಯಾಗಿ ಕಟ್ಟಿದ್ದರಂತೆ. ವಿಯೆನ್ನಾದ ಹಾಳೆಗಳೂ ಸದಾ ಗೋಡೆಯ ಮೇಲಿರುವುದಿಲ್ಲ. ಮೊಗಲ್ ಚಿತ್ರಕಲೆ ಹುಟ್ಟಿದ ಗಳಿಗೆಯನ್ನು ಕಾಣಲು ಭಾರತೀಯರು ವಿಯೆನ್ನಾಕ್ಕೆ ಹೋಗಬೇಕಾಗಿದೆ ಎಂಬುದು ಒಂದು ಸಂಕಟ; ಅಲ್ಲಿ ಅವು ಜತನವಾಗಿ ಉಳಿದಿವೆ ಎಂಬುದು ಅದರೊಟ್ಟಿಗೇ ಇರುವ ಸಮಾಧಾನ.

ಷೋನ್‌ಬ್ರೂನ್ ಅರಮನೆಯ ‘ಮಿಲಿಯನ್ ಕೋಣೆ’ಯಲ್ಲಿ ಆ ಸಮಾಧಾನವೂ ಇಲ್ಲ. ಬೆಲೆಬಾಳುವ ಮರದ ಹಲಗೆಗಳಿಂದ ಮುಚ್ಚಿದ ಗೋಡೆಗಳಲ್ಲಿ ಅಂಕುಡೊಂಕಾದ ಚಿನ್ನದ ಚೌಕಟ್ಟುಗಳು, ಅವುಗಳೊಳಗೆ ಮೊಗಲರ ಬದುಕಿನ ಕಿರುಚಿತ್ರಗಳು. ಚೌಕಟ್ಟಿನ ಆಕಾರಕ್ಕೆ ಹೊಂದಿಸಲು ಅರಸುಮನೆಯವರು ಮೂಲ ಚಿತ್ರಗಳನ್ನು ಕತ್ತರಿಸಿ ಮರುಜೋಡಿಸಿದ್ದಾರೆ. ಒಂದು ಚಿತ್ರದ ಕುದುರೆ ಸವಾರ ಇನ್ನೊಂದು ಚಿತ್ರದ ತೋಟದಲ್ಲಿ. ಕೋಣೆ ಸುಂದರವೇ ಹೌದು. ಆದರೆ ಕತ್ತರಿಯ ಅಂಚುಗಳು ಕಣ್ಣಿಗೆ ಬಿದ್ದ ಮೇಲೆ ಮನಸ್ಸು ಮೊದಲಿನಂತಿರುವುದಿಲ್ಲ.

ಹೋಫ್‌ಬುರ್ಗ್‌ನ ಹೊಸ ಪಾರ್ಶ್ವದಲ್ಲಿರುವ ವೆಲ್ಟ್‌ಮ್ಯೂಜಿಯಂ 2017ರಲ್ಲಿ ನವೀಕರಣಗೊಂಡು ತೆರೆದ ಜನಾಂಗಶಾಸ್ತ್ರ ಸಂಗ್ರಹಾಲಯ. 1892–93ರಲ್ಲಿ ಭಾರತವೂ ಸೇರಿ ಜಗತ್ತು ಸುತ್ತಿದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ತಂದ ಸಾವಿರಾರು ವಸ್ತುಗಳು ಇಲ್ಲಿವೆ. 1914ರಲ್ಲಿ ಸರಾಯೆವೊದಲ್ಲಿ ಗುಂಡಿಗೆ ಬಲಿಯಾದಾಗ ಅವನು ಕೂತಿದ್ದ ಕಾರು, ರಕ್ತದ ಕಲೆಯ ಸಮವಸ್ತ್ರ ಮಾತ್ರ ಆರ್ಸೆನಾಲ್‌ನ ಸೈನಿಕ ಇತಿಹಾಸ ಸಂಗ್ರಹಾಲಯದಲ್ಲಿವೆ. ವೆಲ್ಟ್‌ಮ್ಯೂಜಿಯಂನ ಹೆಸರಾಂತ ವಸ್ತು, ಕ್ವೆಟ್ಸಾಲ್ ಹಕ್ಕಿಯ ಹಸಿರು ಗರಿಗಳ ಪ್ರಾಚೀನ ಮೆಕ್ಸಿಕೋದ ಶಿರೋಭೂಷಣ. 1596ರ ಆಂಬ್ರಾಸ್ ಪಟ್ಟಿಯಲ್ಲೇ ಇದರ ಉಲ್ಲೇಖವಿದೆ. ಅಜ್ಟೆಕ್ ದೊರೆ ಮೊಕ್ಟೆಸುಮಾನದೆಂಬ ಪ್ರತೀತಿಗೆ ಆಧಾರವಿಲ್ಲ, ಆದರೂ ಮೆಕ್ಸಿಕೋದವರ ಭಾವನೆಯಲ್ಲಿ ಅದು ಅವನ ಕಿರೀಟವೇ. ಮರಳಿಸಬೇಕೆಂದು ಆ ದೇಶ ಬಹುಕಾಲದಿಂದ ಕೇಳುತ್ತಿದೆ. ಪ್ರಯಾಣದ ಅದುರುವಿಕೆಯನ್ನು ಗರಿಗಳು ತಾಳವೆಂಬುದು ವಿಯೆನ್ನಾದ ಉತ್ತರ. 

ದೇಹ, ಮನಸ್ಸು, ನೆನಪು

ವೈದ್ಯವಿದ್ಯೆಯಲ್ಲಿ ಹೆಸರಾದ ಊರಿಗೆ ತಕ್ಕ ಸಂಗ್ರಹಾಲಯಗಳೂ ಇವೆ. ಸೇನಾ ವೈದ್ಯರ ಶಿಕ್ಷಣಕ್ಕಾಗಿ ಎರಡನೆಯ ಜೋಸೆಫ್ 1780ರ ದಶಕದಲ್ಲಿ ಫ್ಲಾರೆನ್ಸಿನಿಂದ ತರಿಸಿದ ಸುಮಾರು 1,200 ಮೇಣದ ಅಂಗರಚನಾ ಮಾದರಿಗಳು ಯೋಸೆಫಿನುಮ್‌ನಲ್ಲಿವೆ. 1784ರಲ್ಲಿ ಮನೋರೋಗಿಗಳಿಗೆಂದು ಕಟ್ಟಿದ ಐದು ಅಂತಸ್ತಿನ ಉರುಟು ಗೋಪುರ, ನಾರೆನ್‌ಟೂರ್ಮ್, ಈಗ ರೋಗವಿಕೃತಿಗಳ ಸಂಗ್ರಹ. ಮಕ್ಕಳನ್ನು ಕರೆದೊಯ್ಯುವ ಜಾಗವಲ್ಲ.

ಬೆರ್ಗ್‌ಗಾಸೆ 19ರಲ್ಲಿ ಸಿಗ್ಮಂಡ್ ಫ್ರಾಯ್ಡ್ 1891ರಿಂದ 1938ರವರೆಗೆ ಇದ್ದ. ರೋಗಿಗಳು ಮಲಗಿ ಮಾತಾಡುತ್ತಿದ್ದ ಮಂಚ ಇಲ್ಲಿಲ್ಲ. ನಾಜಿಗಳಿಂದ ತಪ್ಪಿಸಿಕೊಂಡು ಹೋದಾಗ ಅದೂ ಲಂಡನ್ನಿಗೆ ಹೋಯಿತು, ಅಲ್ಲಿನ ಫ್ರಾಯ್ಡ್ ಮನೆಯಲ್ಲಿದೆ. ಬರಿದಾದ ಆ ಕೋಣೆ ವಿಯೆನ್ನಾ ಕಳೆದುಕೊಂಡದ್ದನ್ನು ತುಂಬಿದ ಕೋಣೆಗಳಿಗಿಂತ ಚೆನ್ನಾಗಿ ಹೇಳುತ್ತದೆ. ಜಗತ್ತಿನ ಮೊದಲ ಯಹೂದಿ ಸಂಗ್ರಹಾಲಯ ಸ್ಥಾಪನೆಯಾದದ್ದು 1895ರಲ್ಲಿ, ಈ ಊರಿನಲ್ಲೇ. 1938ರಲ್ಲಿ ನಾಜಿಗಳು ಅದನ್ನು ಮುಚ್ಚಿದರು. ಇಂದು ಡೊರೊಥೀರ್‌ಗಾಸೆಯಲ್ಲಿ ಒಂದು, ಯೂಡೆನ್‌ಪ್ಲಾಟ್ಸ್‌ನಲ್ಲಿ ಇನ್ನೊಂದು ಶಾಖೆ ಇವೆ. ಎರಡನೆಯದರ ಅಡಿಯಲ್ಲಿ 1421ರಲ್ಲಿ ನಾಶವಾದ ಸಿನಗಾಗ್‌ನ ಅಡಿಪಾಯ, ಮೇಲೆ ಚೌಕದಲ್ಲಿ ರೇಚಲ್ ವೈಟ್‌ರೀಡ್ ರೂಪಿಸಿದ ಕಾಂಕ್ರೀಟಿನ ಸ್ಮಾರಕ. ಪುಸ್ತಕಗಳ ಬೆನ್ನು ಒಳಮುಖ, ಹಾಳೆಗಳು ಹೊರಮುಖವಾಗಿರುವ ಗ್ರಂಥಾಲಯವದು. ಹೆಸರು ಓದಲಾಗದ ಆ ಪುಸ್ತಕಗಳು ಕೊಲೆಯಾದ 65,000 ಆಸ್ಟ್ರಿಯನ್ ಯಹೂದಿಗಳ ನೆನಪಿಗೆ.

ಸಂಗೀತಗಾರರ ಮನೆಗಳು ಹಲವು. ಡೋಮ್‌ಗಾಸೆಯಲ್ಲಿ ಮೊಜಾರ್ಟ್ 1784ರಿಂದ 1787ರವರೆಗೆ ಇದ್ದ ಮನೆ, ಕಿವುಡಾಗುತ್ತಿದ್ದ ಬೀಟ್‌ಹೋವನ್ 1802ರಲ್ಲಿ ತಮ್ಮಂದಿರಿಗೆ ಸಂಕಟದ ಪತ್ರ ಬರೆದ ಹೈಲಿಗೆನ್‌ಸ್ಟಾಟ್. ಊರಿನ ಇತಿಹಾಸ ಹೇಳುವ ವಿಯೆನ್ ಮ್ಯೂಜಿಯಂ 2023ರ ಡಿಸೆಂಬರಿನಲ್ಲಿ ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಹೊಸರೂಪದಲ್ಲಿ ತೆರೆಯಿತು. ಆಗ ಅದರ ಶಾಶ್ವತ ಪ್ರದರ್ಶನಕ್ಕೆ ಪ್ರವೇಶ ಉಚಿತವಾಗಿತ್ತು. ಊರಿನ ಪರಿಚಯಕ್ಕೆ ಮೊದಲ ದಿನವೇ ಅಲ್ಲಿಗೆ ಹೋಗುವುದು ಒಳ್ಳೆಯದು.

ನೋಡುವ ಬಗೆ

ಮುಖ್ಯವಾದ ಸಂಗ್ರಹಾಲಯಗಳಲ್ಲಿ ಬಹಳಷ್ಟು ರಿಂಗ್‌ಸ್ಟ್ರಾಸೆಯ ಒಳಗೋ ಅಂಚಿನಲ್ಲೋ ಇವೆ; ಟ್ರಾಮ್ ಹಿಡಿದರೂ ಸರಿ, ನಡೆದರೂ ಸರಿ. ಬೆಲ್ವೆಡೇರ್‌ಗೆ ಡಿ ಟ್ರಾಮ್, ಅವಳಿ ಭವನಗಳಿಗೆ ಯು2 ಮೆಟ್ರೋ ಅನುಕೂಲ. ವಾರದ ರಜೆ ಒಂದೊಂದಕ್ಕೆ ಒಂದೊಂದು ದಿನ, ಕೆಲವಕ್ಕೆ ಸೋಮವಾರ, ಕೆಲವಕ್ಕೆ ಮಂಗಳವಾರ. ಋತುವಿಗೆ ತಕ್ಕಂತೆ ಬದಲಾಗುವುದೂ ಉಂಟು. ಬೆಲ್ವೆಡೇರ್‌ಗೆ ವೇಳೆ ಗೊತ್ತುಮಾಡಿದ ಮುಂಗಡ ಟಿಕೆಟ್ ಪಡೆಯುವುದು ಜಾಣತನ. ಅಕ್ಟೋಬರ್ ತಿಂಗಳ ‘ಸಂಗ್ರಹಾಲಯಗಳ ದೀರ್ಘರಾತ್ರಿ’ಯಲ್ಲಿ ಒಂದೇ ಟಿಕೆಟ್ಟಿಗೆ ನಡುರಾತ್ರಿಯವರೆಗೂ ಊರೆಲ್ಲ ಸುತ್ತಬಹುದು, ಆದರೆ ಆ ನೂಕುನುಗ್ಗಲಿನಲ್ಲಿ ಚಿತ್ರ ನೋಡಲಾಗದು.

ಒಂದು ದಿನಕ್ಕೆ ಒಂದೇ ದೊಡ್ಡ ಸಂಗ್ರಹಾಲಯ ಸಾಕು. ಮೂರನ್ನು ಮುಗಿಸುವವರು ಒಂದನ್ನೂ ನೋಡಿರುವುದಿಲ್ಲ. ಕಾಲು ಸೋತಾಗ ಕಲಾ ಇತಿಹಾಸ ಸಂಗ್ರಹಾಲಯದ ಗುಮ್ಮಟದ ಕೆಳಗಿನ ಕಾಫಿಖಾನೆಯಲ್ಲಿ ಕೂತು ಸುಧಾರಿಸಿಕೊಂಡು ಮತ್ತೆ ಹೋಗಬೇಕು. ಪ್ರತಿ ಚಿತ್ರದ ಪಕ್ಕದ ಫಲಕದಲ್ಲಿ ಅದು ಸಂಗ್ರಹಕ್ಕೆ ಸೇರಿದ ಬಗೆ, ವರ್ಷ ನಮೂದಾಗಿದ್ದರೆ ಅದನ್ನೂ ಓದಬೇಕು.

ಆಸ್ಟ್ರಿಯ ಸರ್ಕಾರದ ಸಂಗ್ರಹಾಲಯಗಳಲ್ಲಿ 19 ವರ್ಷದೊಳಗಿನವರಿಗೆ 2010ರಿಂದ ಟಿಕೆಟ್ ಇಲ್ಲ. ಯಾವ ದೇಶದ ಮಗುವಾದರೂ ಸರಿ. ಮಕ್ಕಳಿದ್ದರೆ ಅವರನ್ನು ನೇರವಾಗಿ ಬ್ರೂಗಲ್ 1560ರಲ್ಲಿ ಬರೆದ ‘ಮಕ್ಕಳ ಆಟಗಳು’ ಚಿತ್ರದ ಮುಂದೆ ನಿಲ್ಲಿಸಿ. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಮಿಕ್ಕಿದ ಆಟಗಳು. ಗಾಲಿ ಉರುಳಿಸುವವರು, ಮರಗಾಲಿನಲ್ಲಿ ನಡೆಯುವವರು, ಬುಗುರಿ ಆಡಿಸುವವರು, ಬಗ್ಗಿದವರ ಬೆನ್ನ ಮೇಲಿಂದ ಜಿಗಿಯುವವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಡಕಾಡುವವರು ಎಲ್ಲ ಅಲ್ಲಿದ್ದಾರೆ. ಎಡಗಡೆ ಕೆಳಮೂಲೆಯಲ್ಲಿ ಇಬ್ಬರು ಕೂತು, ನಮ್ಮ ಅಣ್ಣೆಕಲ್ಲಾಟದಂತೆಯೇ, ಚಿಕ್ಕ ಎಲುಬಿನ ಚೂರುಗಳನ್ನು ಎಸೆದು ಹಿಡಿಯುವ ಆಟವಾಡುತ್ತಿದ್ದಾರೆ. ಎಣಿಸುವುದನ್ನು ಅಲ್ಲಿಂದ ಶುರುಮಾಡಿಸಿ.